ಕಿರುಬೆರಳಿಗೆ ಮೂರು ಸೆಕೆಂಡು

ಬೆಂಗಳೂರಿನ ಸಿಟಿ ಬಸ್ಸಿನ ಲೇಡೀಸ್ ಸೀಟಲ್ಲಿ ಇಬ್ಬರು ಹುಡುಗಿಯರು ಕೈಕೈ ಹಿಡಿದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಗೆಳತಿಯರು, ಅಷ್ಟೇ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಬ್ಬರು ಹುಡುಗಿಯರ ಪ್ರೀತಿಯ ಕಿರು ಅನಿಮೇಷನ್ ಕೈಗೆತ್ತಿಕೊಂಡಾಗ ನಮ್ಮನ್ನು ಹೆಚ್ಚು ಸತಾಯಿಸಿದ್ದು ಇದೇ. ಫ್ಲಾರಿಡಾದ ರಿಂಗ್ಲಿಂಗ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದ ಬೆತ್ ಡೇವಿಡ್ ಮತ್ತು ಎಸ್ಟೆಬನ್ ಬ್ರಾವೊ 2017ರಲ್ಲಿ ಮಾಡಿದ ಕಿರು ಅನಿಮೇಷನ್ ‘ಇನ್ ಎ ಹಾರ್ಟ್‌ಬೀಟ್’ನಲ್ಲಿ ಹುಡುಗನ ಹೃದಯವೇ ಎದೆಯಿಂದ ಜಿಗಿದು ಇನ್ನೊಬ್ಬ ಹುಡುಗನ ಬೆನ್ನು ಹತ್ತುತ್ತದೆ. ಮಾತೇ ಇಲ್ಲದಿದ್ದರೂ ಯಾರಿಗೂ ಅನುಮಾನ ಉಳಿಯುವುದಿಲ್ಲ. ನಮ್ಮ ಬಸ್ಸಿನ ಕಥೆಗೆ ಅಂಥ ಮಾಯೆ ಒಗ್ಗಲಿಲ್ಲ. ಇದ್ದದ್ದು ಒಂದು ಸೀಟು, ಎರಡು ಕೈ. ಗೆಳೆತನ ಯಾವುದು, ಪ್ರೀತಿ ಯಾವುದು ಎಂದು ಹೇಳುವ ಭಾರವೆಲ್ಲ ಟೈಮಿಂಗ್, ಅಂದರೆ ಪ್ರತಿ ಚಲನೆ ಎಷ್ಟು ಹೊತ್ತು ನಡೆಯಬೇಕು ಎಂಬುದರ ಮೇಲೆ ಬಿತ್ತು.

ಗೆಳತಿಯ ಕೈ ಹಿಡಿಯಲು 8 ಫ್ರೇಮ್ ಸಾಕು. ಸೆಕೆಂಡಿಗೆ 24 ಫ್ರೇಮ್, ಪ್ರತಿ ಚಿತ್ರ ಎರಡು ಫ್ರೇಮ್ ನಿಲ್ಲುವ ‘ಟೂಸ್’ ಲೆಕ್ಕದಲ್ಲಿ ನಾಲ್ಕೇ ಚಿತ್ರ. ಹಿಡಿಯುವವಳು ಕೈಯತ್ತ ನೋಡುವುದೂ ಇಲ್ಲ, ಏನೋ ಹೇಳುತ್ತಲೇ ಎಳೆದುಕೊಳ್ಳುತ್ತಾಳೆ. ಇಂಥದ್ದೊಂದು ಶಾಟ್ ಚಿತ್ರದ ಆರಂಭದಲ್ಲೇ, ಕಾಲೇಜು ಗೇಟಿನ ಹತ್ತಿರ, ಬೇರೆ ಗೆಳತಿಯೊಂದಿಗೆ ಬಂದುಹೋಗಬೇಕು. ಅದನ್ನು ನೋಡಿದವರಿಗಷ್ಟೇ ಬಸ್ಸಿನ ಶಾಟಿನಲ್ಲಿ ಏನೋ ಬೇರೆ ನಡೆಯುತ್ತಿದೆ ಅನಿಸುತ್ತದೆ.

ಬಸ್ಸಿನಲ್ಲಿ ಒಬ್ಬಳ ಕಿರುಬೆರಳು ಇನ್ನೊಬ್ಬಳ ಕೈಯತ್ತ ಸರಿಯಲು 10 ಫ್ರೇಮ್, ತಡೆದು ನಿಲ್ಲಲು 18, ಹಿಂದೆಗೆಯಲು 6, ಮತ್ತೆ ನಿಲ್ಲಲು 24, ಕೊನೆಗೆ ಮುಟ್ಟಲು 14. ಒಟ್ಟು 72, ಅಂದರೆ ಮೂರು ಸೆಕೆಂಡು. ಹಿಂದೆಗೆತ ಚುರುಕಾಗಿರಲೇಬೇಕು. ಹೋಗುವುದಕ್ಕೂ ಬರುವುದಕ್ಕೂ ಸಮ ಫ್ರೇಮ್ ಕೊಟ್ಟರೆ ಬೆರಳು ಬಸ್ಸಿನ ವೈಪರ್ ಥರ ಆಡುತ್ತದೆ, ಭಯ ಕಾಣುವುದಿಲ್ಲ. ಆ 24 ಫ್ರೇಮಿನ ನಿಲುಗಡೆಯನ್ನು ನೋಡಿದವರೆಲ್ಲ ‘ಎಳೀತಿದೆ, ಕತ್ತರಿಸಿ’ ಅನ್ನುತ್ತಾರೆ. ಕತ್ತರಿಸಬೇಡಿ, ಇಡೀ ಚಿತ್ರದ ಜೀವ ಅದು. ಹಾಗಂತ ಒಂದೇ ಚಿತ್ರವನ್ನು ಅಲ್ಲಾಡದೆ ನಿಲ್ಲಿಸಿದರೆ ಫೈಲ್ ಸಿಕ್ಕಿಕೊಂಡಿದೆ ಎನಿಸುತ್ತದೆ. ಅದೇ ಭಂಗಿಯನ್ನು ಮೂರು ಸಲ ಟ್ರೇಸ್ ಮಾಡಿ ಆ ಮೂರನ್ನೇ ಒಂದಾದ ಮೇಲೊಂದು ಮತ್ತೆ ಮತ್ತೆ ತೋರಿಸಿದರೆ ಗೆರೆ ಉಸಿರಾಡುತ್ತದೆ. ಚಲನೆಯ 30 ಫ್ರೇಮಿಗೆ 15 ಚಿತ್ರ, ಎರಡು ನಿಲುಗಡೆಗೆ ಮೂರು ಮೂರು, ಅಲ್ಲಿಗೆ ಶಾಟ್ 21 ಚಿತ್ರದಲ್ಲಿ ಮುಗಿಯುತ್ತದೆ.

ಇನ್ನೊಂದು ತೊಂದರೆ ಬಸ್ಸಿನ ಕುಲುಕಾಟ. ಬೆರಳು ಸರಿಯುವುದೇ ಹತ್ತು ಪಿಕ್ಸೆಲ್, ಸೀಟು ಕುಲುಕುವುದು ಎಂಟು ಪಿಕ್ಸೆಲ್ ಎಂದಾದರೆ ಬೆರಳಿನ ಆಟ ಯಾರಿಗೂ ಕಾಣದು. ಅದಕ್ಕೇ ಬಸ್ಸನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸಬೇಕಾಯಿತು. ಎಂಜಿನ್ ಗುರುಗುಟ್ಟುವ ಒಂದು ಪಿಕ್ಸೆಲ್ ನಡುಕ ಸಾಕು. ಪುಕ್ಕಟೆ ಲಾಭವೆಂಬಂತೆ ಕಿಟಕಿಯಾಚೆ ಸಿಗ್ನಲ್ಲಿನ ಸೆಕೆಂಡು ಇಳಿಯುವುದೂ ಕಾಣುತ್ತದೆ. ಅಲ್ಲಿ ಅಂಕಿ 24 ಫ್ರೇಮಿಗೊಮ್ಮೆ ಬದಲಾಗಲೇಬೇಕು, ಬೆಂಗಳೂರಿನವರು ಇಂಥದ್ದನ್ನು ಕಂಡುಹಿಡಿಯದೆ ಬಿಡುವುದಿಲ್ಲ.

ರೆಫರೆನ್ಸಿಗೆ, ಅಂದರೆ ನೋಡಿಕೊಂಡು ಬಿಡಿಸಲು, ಫೋನಿನಲ್ಲಿ ವಿಡಿಯೊ ತೆಗೆಯುವವರು ಮೊದಲು ಸೆಟ್ಟಿಂಗ್ ನೋಡಿಕೊಳ್ಳಲಿ. ಸಾಮಾನ್ಯವಾಗಿ ಫೋನು 30 ಫ್ರೇಮಿಗೆ ಇರುತ್ತದೆ. ಅದನ್ನು ಫ್ರೇಮಿಗೆ ಫ್ರೇಮ್ ನಕಲು ಮಾಡಿ 24ರಲ್ಲಿ ಓಡಿಸಿದರೆ ಮೂರು ಸೆಕೆಂಡಿನ ಕೆಲಸ ಮೂರೂಮುಕ್ಕಾಲು ಆಗುತ್ತದೆ. ಎಲ್ಲವೂ ನೀರಿನಡಿ ನಡೆದ ಹಾಗೆ ಕಾಣುವುದು ಅದಕ್ಕೇ.

ಪಾತ್ರ ವಿನ್ಯಾಸದಲ್ಲಿ ಸುಲಭದ ದಾರಿಯೊಂದಿದೆ: ಒಬ್ಬಳಿಗೆ ಉದ್ದ ಜಡೆ, ಇನ್ನೊಬ್ಬಳಿಗೆ ಗಿಡ್ಡ ಕೂದಲು, ಜೀನ್ಸು. ಅಲ್ಲಿಗೆ ಒಬ್ಬಳು ‘ಹುಡುಗ’ನಾದಳು, ಹಳೆಯ ಕಥೆಗೇ ಹೊಸ ಬಟ್ಟೆ. ಇಬ್ಬರಿಗೂ ಜಡೆ, ಇಬ್ಬರಿಗೂ ಚೂಡಿದಾರ ಇಟ್ಟು, ಒಬ್ಬಳನ್ನು ದುಂಡು ಆಕಾರದಲ್ಲಿ, ಇನ್ನೊಬ್ಬಳನ್ನು ಉದ್ದನೆಯ ಕೋನಗಳಲ್ಲಿ ಕಟ್ಟಿದರೆ ನೆರಳಚ್ಚಿನಲ್ಲೇ ಗುರುತು ಸಿಗುತ್ತದೆ. ಆದರೆ ಕ್ಲೋಸಪ್ಪಿನಲ್ಲಿ ಆಕಾರ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಮೈಬಣ್ಣ, ಒಂದೇ ಗೆರೆ ಇದ್ದರೆ ಹೆಣೆದ ಬೆರಳುಗಳಲ್ಲಿ ಯಾವುದು ಯಾರದೆಂದು ಬಿಡಿಸಿದವರಿಗೇ ತಿಳಿಯದು. ಒಬ್ಬಳ ಗೆರೆ ಕಂದು, ಇನ್ನೊಬ್ಬಳದು ಕಡು ಕೆಂಪು. ಒಂದು ಕೈಗೆ ಗಾಜಿನ ಬಳೆ, ಇನ್ನೊಂದಕ್ಕೆ ಅರ್ಧ ಕಿತ್ತುಹೋದ ನೇಲ್ ಪಾಲಿಶ್. ಮೈಬಣ್ಣದ ವ್ಯತ್ಯಾಸ ಸಾಕೇ ಎಂದು ತಿಳಿಯಲು ಫ್ರೇಮನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಬೇಕು.

ಲೇಯರ್ ಮೂರು ಬೇಕು: ಕೆಳಗೆ ಒಬ್ಬಳ ಅಂಗೈ, ನಡುವೆ ಇನ್ನೊಬ್ಬಳ ಕೈ, ಮೇಲೆ ಮೊದಲನೆಯವಳ ಬೆರಳುಗಳು ಮಾತ್ರ. ಎಲ್ಲವನ್ನೂ ಒಂದರಲ್ಲೇ ಬಿಡಿಸಿದರೆ ಒಂದು ಕೈಯ ಟೈಮಿಂಗ್ ಬದಲಿಸಲು ಎರಡನ್ನೂ ಮತ್ತೆ ಬರೆಯಬೇಕಾಗುತ್ತದೆ. ನಾವು ಬಳಸಿದ್ದು ಅನಿಮೇಷನ್ ತಂತ್ರಾಂಶವಾದ ಓಪನ್‌ಟೂನ್ಸ್. 2016ರಿಂದ ಅದು ಎಲ್ಲರಿಗೂ ಉಚಿತ, ಪ್ಯಾಲೆಟ್ಟಿನಲ್ಲಿ (ಬಣ್ಣಗಳ ಪಟ್ಟಿಯಲ್ಲಿ) ಬಣ್ಣ ಬದಲಿಸಿದರೆ ಆ ಪ್ಯಾಲೆಟ್ ಬಳಸುವ ಎಲ್ಲ ಚಿತ್ರಗಳಲ್ಲೂ ಬದಲಾಗುತ್ತದೆ. ಬೆರಳ ಸಂದಿಯಲ್ಲಿ ಗೆರೆ ಕೂಡದಿದ್ದರೆ ಮಾತ್ರ ಬಣ್ಣ ಸೋರಿ ಅಂಗೈಯೆಲ್ಲ ತುಂಬುತ್ತದೆ.

ಹಿಡಿದ ಕೈಗಳನ್ನು ಬೇರ್ಪಡಿಸಲು ಖಳನಾಯಕ ಬೇಕಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಟಿಕೆಟ್ ಉಚಿತವಾದರೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು. ಅವನು ಹತ್ತಿರ ಬಂದು ‘ಎಲ್ಲಿಗಮ್ಮಾ? ಆಧಾರ್ ತೋರ್ಸಿ’ ಅನ್ನುತ್ತಾನೆ. ಚಿತ್ರದಲ್ಲಿರುವ ಮಾತು ಇದೊಂದೇ. ಕೈಗಳು 4 ಫ್ರೇಮಿನಲ್ಲಿ ಬೇರೆಯಾಗುತ್ತವೆ. ಅವನ ಕಣ್ಣು ಮಿಷನ್ನಿನ ಮೇಲೇ ಇರಬೇಕು, ಕೈಗಳತ್ತ ಹೊರಳಲೇಬಾರದು. ಕಾರ್ಡನ್ನು ಮೊದಲೇ ಹುಡುಗಿಯರ ಇನ್ನೊಂದು ಕೈಗೆ ಕೊಟ್ಟಿರಿ. ಇಲ್ಲದಿದ್ದರೆ ಕಾರ್ಡು ತೆಗೆಯಲಿಕ್ಕೆ ಕೈ ಬಿಟ್ಟರು ಎಂದಾಗಿ ಕಥೆ ಅಲ್ಲಿಗೇ ಮುಗಿಯುತ್ತದೆ.

ಸದ್ದಿನ ಕೆಲಸ ಕಡಿಮೆ. ಬೆರಳು ಮುಟ್ಟಿದಾಗ ಬಳೆ ಒಮ್ಮೆ ಸದ್ದು ಮಾಡಲಿ, ಎಂಜಿನ್ ಸದ್ದನ್ನು ಅಲ್ಲಿ ಆರು ಡೆಸಿಬೆಲ್ ಇಳಿಸಿ. ಪಿಟೀಲು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ.

ಕೆಲಸ ಮಾಡಿದವರ ಹೆಸರು ಬರುವ ಟೈಟಲ್ ಕಾರ್ಡಿಗೆ ಮಾತ್ರ ಸಮಯ ಕೊಡಬೇಕು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸಲಿಂಗ ಪ್ರೀತಿ ಅಪರಾಧವಲ್ಲ ಎಂದಾಯಿತು, ಮನೆಯವರಿಗೆ ಅದರಿಂದ ಎಲ್ಲ ಒಪ್ಪಿಗೆಯಾಗಿಬಿಡಲಿಲ್ಲ. ಬಣ್ಣ ತುಂಬಿದವರು, ರೆಫರೆನ್ಸಿಗೆ ಕೈ ಕೊಟ್ಟವರು, ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿ: ಪೂರ್ತಿ ಹೆಸರೋ, ಇನಿಶಿಯಲ್ಲೋ, ಬೇರೆ ಹೆಸರೋ? ಗುಂಪಿನಲ್ಲಿ ಕೇಳಿದರೆ ಬೇಡ ಅನ್ನಲು ಸಂಕೋಚ. ಈ ಪಟ್ಟಿ ಪಕ್ಕಾ ಆಗದೆ ಚಿತ್ರದ ಕೊನೆಯ ಫೈಲ್ ತಯಾರಿಸುವ ಫೈನಲ್ ರೆಂಡರ್‌ಗೆ ಹಾಕಬೇಡಿ, ಉತ್ಸವಕ್ಕೆ ಕಳಿಸಿದ ಫೈಲನ್ನು ವಾಪಸ್ ಪಡೆಯುವುದು ಕಷ್ಟ. ಯೂಟ್ಯೂಬಿಗೂ ಆತುರ ಬೇಡ. ಮೊದಲೇ ಆನ್‌ಲೈನಿನಲ್ಲಿ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ, ನಿಯಮ ಓದಿ ಆಮೇಲೆ ಹಾಕಿ.