ಅಟಿಕ್ ಅಟ್ಯಾಕ್‌ನ ಎರಡು ಚುಕ್ಕಿಗಳು

ಪಟ್ಟಿಯಿಂದ ಒಂದು ಸಾಲನ್ನು ಕೊನೆಗೂ ಅಳಿಸಿದ್ದೇನೆ. ‘ಅಟಿಕ್ ಅಟ್ಯಾಕ್, ಸ್ಪೆಕ್ಟ್ರಮ್ 48ಕೆ, ಪಾಠಾಂತರ?’ ಎಂದು ಬರೆದು, ಆ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡಿದಾಗಲೆಲ್ಲ ಹಲ್ಲು ಕಡಿಯುವಂತಾಗಿದ್ದ ಸಾಲು ಅದು. ಅಟಿಕ್ ಅಟ್ಯಾಕ್ ಎಂದರೆ ಸ್ಪೆಕ್ಟ್ರಮ್ ಎಂಬ ಎಂಬತ್ತರ ದಶಕದ ಮನೆಬಳಕೆಯ ಕಂಪ್ಯೂಟರಿಗೆ ಕ್ಯಾಸೆಟ್‌ನಲ್ಲಿ ಬಂದ ಆಟ. ಪಾಠಾಂತರ ಎಂದರೆ ಅದರ ಒಂದು ಪ್ರತಿ ಇನ್ನೊಂದಕ್ಕಿಂತ ಬೇರೆಯಾಗಿರುವುದು. ಅಳಿಸುವುದಕ್ಕೆ ಕಾರಣ ಸಿಕ್ಕಿದೆ. ಆ ಕಾರಣದ ಉದ್ದ ಏಳು ಸೆಂಟಿಮೀಟರ್.

ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಅಲ್ಟಿಮೇಟ್ ಪ್ಲೇ ದ ಗೇಮ್ ಹೆಸರಿನಲ್ಲಿ ಸ್ಪೆಕ್ಟ್ರಮ್‌ಗೆ ಬಂದ 16 ಆಟಗಳನ್ನೂ ಮೂಲ ಕ್ಯಾಸೆಟ್‌ಗಳಿಂದಲೇ ಓದಿ, ಪ್ರತಿ ಆಟದ ಕನಿಷ್ಠ ಎರಡು ಪ್ರತಿಗಳನ್ನು ಬೈಟ್‌ಗೆ ಬೈಟ್ ಹೋಲಿಸಿ ಪಟ್ಟಿ ಮಾಡುವುದು ಯೋಜನೆ. 1983ರ ಜೆಟ್‌ಪ್ಯಾಕ್, ಪಿಸ್ಟ್, ಟ್ರಾನ್ಸ್ ಆ್ಯಮ್, ಕುಕಿ ನಾಲ್ಕೂ ಮುಗಿದಿವೆ. 16ಕೆ (16 ಕಿಲೋಬೈಟ್ ಸ್ಮೃತಿಯ) ಯಂತ್ರಕ್ಕೆ ಬರೆದ ಪುಟ್ಟ ಆಟಗಳು, ಗೋಳು ಹೊಯ್ದುಕೊಳ್ಳಲಿಲ್ಲ. ಲೂನಾರ್ ಜೆಟ್‌ಮ್ಯಾನ್ ಆಯಿತು. 1984ರ ಸೇಬರ್ ವುಲ್ಫ್ ಕೂಡ ಆಯಿತು. ಅದನ್ನು ಓದುವುದಕ್ಕಿಂತ ಅದರ ದೊಡ್ಡ ರಟ್ಟಿನ ಪೆಟ್ಟಿಗೆಗೆ ಕಪಾಟಿನಲ್ಲಿ ಜಾಗ ಹುಡುಕುವುದೇ ಕಷ್ಟವಾಯಿತು. 5.50 ಪೌಂಡ್‌ಗೆ ಆಟ ಮಾರುತ್ತಿದ್ದವರು ಸೇಬರ್ ವುಲ್ಫ್‌ನಿಂದ ಬೆಲೆಯನ್ನು 9.95ಕ್ಕೆ ಏರಿಸಿದರಲ್ಲ, ಕೊಳ್ಳುವವನ ಹೊಟ್ಟೆಯುರಿಗೆ ಆ ಪೆಟ್ಟಿಗೆಯೇ ಮದ್ದು ಎಂದುಕೊಂಡಿರಬೇಕು.

“2015ರ ರೇರ್ ರಿಪ್ಲೇ ಸಂಗ್ರಹದಲ್ಲಿ ಇವುಗಳಲ್ಲೇ ಏಳು ಆಟಗಳಿವೆ, ಸೋಫಾದ ಮೇಲೆ ಕುಳಿತು ಆಡಬಹುದಲ್ಲ” ಎಂದು ನನ್ನ ಹೆಂಡತಿ ಕೇಳುತ್ತಾಳೆ. ಆಡಬಹುದು. ಆಡುವುದಕ್ಕೂ ಈ ಕೆಲಸಕ್ಕೂ ಸಂಬಂಧವಿಲ್ಲ ಎಂಬುದು ನಿಮಗಾದರೂ ಅರ್ಥವಾಗುತ್ತದೆ. ಅಲ್ಟಿಮೇಟ್‌ನ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಸಹೋದರರು ಲೆಸ್ಟರ್‌ಶೈರ್‌ನ ಆ್ಯಶ್ಬಿ ಡಿ ಲಾ ಝೂಷ್ ಎಂಬ ಊರಿನಲ್ಲಿ ಬಾಗಿಲು ಹಾಕಿಕೊಂಡು ಆಟ ಬರೆದವರು, ಪತ್ರಿಕೆಯವರಿಗೂ ಅಷ್ಟಾಗಿ ಮುಖ ಕೊಡದವರು. ಮಾತಾಡದವರನ್ನು ತಿಳಿಯಬೇಕಾದರೆ ಅವರು ಬಿಟ್ಟುಹೋದ ಬೈಟ್‌ಗಳನ್ನೇ ಓದಬೇಕು. ಅಟಿಕ್ ಅಟ್ಯಾಕ್‌ನಲ್ಲಿ ಕೋಟೆಯಿಂದ ಹೊರಬೀಳಲು ಕೂಡಿಸಬೇಕಾದ ಕೀಲಿಕೈಯ ಮೂರು ತುಂಡುಗಳ ಮೇಲೆ ಎ, ಸಿ, ಜಿ ಎಂದಿದೆ. ಆ್ಯಶ್ಬಿ ಕಂಪ್ಯೂಟರ್ಸ್ ಆ್ಯಂಡ್ ಗ್ರಾಫಿಕ್ಸ್ ಎಂಬ ತಮ್ಮ ಕಂಪನಿಯ ಹೆಸರನ್ನು ಅವರು ಹೇಳಿಕೊಂಡ ಬಗೆ ಅದು. ಇಂಥವರ ಆಟದಲ್ಲಿ ಎರಡು ಚುಕ್ಕಿ ಹೆಚ್ಚು ಕಂಡರೆ ಸುಮ್ಮನೆ ಬಿಡುವುದಾದರೂ ಹೇಗೆ?

ಚುಕ್ಕಿಯ ಕಥೆ ಇಷ್ಟು. ಟೇಪ್ ಓದುವ ಹೆಡ್ ಒರೆಸುವುದು, ಅದರ ಓರೆ ತಿದ್ದುವ ಅಜಿಮತ್ ತಿರುಪು ಸರಿಮಾಡುವುದು, ಎಡ ಬಲ ಚಾನೆಲ್‌ಗಳನ್ನು ಕೂಡಿಸದೆ ಬೇರೆಬೇರೆಯಾಗಿ ಹಿಡಿಯುವುದು, ಇವೆಲ್ಲ ನಿಮಗೆ ಗೊತ್ತಿರುವವೇ. ಮೊದಲ ಪ್ರತಿ ಚೊಕ್ಕವಾಗಿ ಬಂತು. ಎರಡನೆಯದೂ ಚೊಕ್ಕವಾಗಿಯೇ ಬಂತು. ಎಲ್ಲ ಬ್ಲಾಕ್‌ಗಳ (ಟೇಪಿನ ಮೇಲಿನ ದತ್ತಾಂಶದ ತುಂಡುಗಳ) ಚೆಕ್‌ಸಮ್, ಅಂದರೆ ತಪ್ಪು ಹಿಡಿಯಲು ಇಟ್ಟ ಬೈಟ್, ಸರಿ. ನನ್ನ ಡಿಬಿ ಸ್ಪೆಕ್ಟ್ರಮ್ ಪ್ಲಸ್‌ನಲ್ಲಿ (1988ರಲ್ಲಿ ಡೆಸಿಬೆಲ್ಸ್ ಕಂಪನಿ ಪರವಾನಗಿ ಪಡೆದು ಭಾರತದಲ್ಲಿ ಹೊರತಂದದ್ದು, ಕೀಲಿಮಣೆಯ ಪದರ ಬಿಟ್ಟರೆ ಉಳಿದದ್ದು ಗಟ್ಟಿಮುಟ್ಟಾಗಿದೆ) ಎರಡೂ ತಕರಾರಿಲ್ಲದೆ ಲೋಡ್ ಆದವು. ಆದರೆ ಫೈಲ್‌ಗಳನ್ನು ಹೋಲಿಸಿದರೆ ಎರಡು ಬೈಟ್ ವ್ಯತ್ಯಾಸ. ಎರಡೂ ಆಟ ಲೋಡ್ ಆಗುವಾಗ ಪರದೆಯಲ್ಲಿ ಮೂಡುವ ಲೋಡಿಂಗ್ ಚಿತ್ರದಲ್ಲಿಯೇ, 6912 ಬೈಟ್‌ಗಳ ಆ ಬ್ಲಾಕ್‌ನೊಳಗೆ. ಎರಡೂ ಕಡೆ ಒಂದೊಂದೇ ಬಿಟ್ ಸೊನ್ನೆಯ ಬದಲು ಒಂದು ಆಗಿದೆ. ಎರಡರ ನಡುವಿನ ಅಂತರ 288 ಬೈಟ್.

ಈ 288 ಎಂಬ ಸಂಖ್ಯೆಯೇ ನಮ್ಮನ್ನು ಕುಣಿಸಿದ್ದು. ಸ್ಪೆಕ್ಟ್ರಮ್‌ನ ಪರದೆಯ ಸ್ಮೃತಿ ಸಾಲುಸಾಲಾಗಿ ಕೆಳಗಿಳಿಯುವುದಿಲ್ಲವಲ್ಲ. ಒಂದು ಅಕ್ಷರದೊಳಗೆ ಮುಂದಿನ ಚುಕ್ಕಿಸಾಲಿಗೆ ಹೋಗಲು 256 ಬೈಟ್ ಮುಂದೆ ಹಾರಬೇಕು. ಮುಂದಿನ ಅಕ್ಷರಸಾಲಿಗೆ 32. ಎರಡನ್ನೂ ಕೂಡಿದರೆ 288. ಅಂದರೆ ಒಂಬತ್ತು ಚುಕ್ಕಿಸಾಲು ಕೆಳಗೆ, ಅದೇ ಕಂಬಸಾಲಿನಲ್ಲಿ. ಬಿಟ್ ಕೂಡ ಅದೇ ಆದ್ದರಿಂದ ಪರದೆಯ ಮೇಲೆ ಎರಡು ಚುಕ್ಕಿಗಳು ಒಂದರ ನೇರ ಕೆಳಗೆ ಇನ್ನೊಂದು ನಿಂತಿದ್ದವು, ಯಾರೋ ಗೆರೆ ಹಿಡಿದು ಇಟ್ಟ ಹಾಗೆ. ಬರಿಗಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಕಂಡ ಮೇಲೆ ಬೇರೇನೂ ಕಾಣುವುದಿಲ್ಲ.

ಮಂಗಳೂರಿನ ಗೆಳೆಯನಿಗೆ ಚಿತ್ರ ಕಳಿಸಿದೆ. ಆತ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. “ಇದು ಚಿತ್ರ ಬಿಡಿಸಿದವರ ಗುಟ್ಟಿನ ಗುರುತು, ಎರಡನೆಯ ಮುದ್ರಣಕ್ಕೆ ಹಾಕಿದ್ದಾರೆ, ನಮ್ಮಿಬ್ಬರನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ” ಎಂದು ರಾತ್ರಿಯೇ ಫೋನ್ ಮಾಡಿದ. ಟೇಪಿನ ದೋಷ ಇರಬಹುದು ಎಂದರೆ ಅವನ ಬಳಿ ಉತ್ತರ ಸಿದ್ಧವಿತ್ತು: ದೋಷವಾದರೆ ಚೆಕ್‌ಸಮ್ ಏಕೆ ಕೆಡಲಿಲ್ಲ?

ಚೆಕ್‌ಸಮ್‌ನದ್ದು ದೊಡ್ಡ ವಿಷಯವೇನಲ್ಲ. ಬ್ಲಾಕ್‌ನ ಕೊನೆಯ ಬೈಟ್ ಎಂದರೆ ಹಿಂದಿನವುಗಳೆಲ್ಲದರ ಎಕ್ಸ್‌ಕ್ಲೂಸಿವ್ ಆರ್ (ಪ್ರತಿ ಸ್ಥಾನದಲ್ಲಿ ಒಂದುಗಳ ಸಂಖ್ಯೆ ಬೆಸವೋ ಸಮವೋ ಎಂಬ ಗುರುತು), ಅಷ್ಟೇ. ಒಂದೇ ಸ್ಥಾನದ ಬಿಟ್ ಎರಡು ಬೈಟ್‌ಗಳಲ್ಲಿ ಮಗುಚಿದರೆ ಒಂದು ತಪ್ಪು ಇನ್ನೊಂದನ್ನು ಮುಚ್ಚಿಹಾಕುತ್ತದೆ. ಎರಡು ತಪ್ಪುಗಳಾಗಿದ್ದರೆ ಅವು ಒಂದೇ ಸ್ಥಾನಕ್ಕೆ ಬೀಳುವ ಸಾಧ್ಯತೆ ಎಂಟರಲ್ಲಿ ಒಂದು. ಅಪರೂಪ, ಆದರೆ ಪವಾಡವಲ್ಲ. ನನ್ನನ್ನು ಕಾಡಿದ್ದು ಬೇರೆ. ಎಷ್ಟು ಸಲ ಓದಿದರೂ ಅದೇ ಎರಡು ಬೈಟ್, ಅದೇ ಬಿಟ್. ಡೆಕ್ ಬದಲಿಸಿದರೂ ಅದೇ. ಅಲ್ಲಿಗೆ ಪಿಂಚ್ ರೋಲರ್, ಬೆಲ್ಟ್, ಹೆಡ್ ಎಲ್ಲವೂ ನಿರ್ದೋಷಿಗಳು. ಟೇಪಿನ ಮೇಲೆಯೇ ಹಾಗೆ ಬರೆದಿದೆ ಎಂದಾಯಿತು. ಗೆಳೆಯ ಗೆದ್ದವನಂತೆ ನಕ್ಕ.

ತೀರ್ಮಾನಕ್ಕೆ ಮೂರನೆಯ ಪ್ರತಿ ಬೇಕಿತ್ತು. ಬ್ರಿಟನ್ನಿನ ಮಾರಾಟಗಾರನೊಬ್ಬನಿಂದ ತರಿಸಿದೆ. ‘ಪರೀಕ್ಷಿಸಲಾಗಿದೆ, ಚೆನ್ನಾಗಿ ಕೆಲಸ ಮಾಡುತ್ತದೆ’ ಎಂದು ಬರೆದಿದ್ದ. ಸಾಗಣೆಯ ಖರ್ಚು ಕ್ಯಾಸೆಟ್‌ನ ಬೆಲೆಯನ್ನು ಮೀರಿತು, ಅದರ ಮೇಲೆ ಸುಂಕ. ಬಿಚ್ಚಿ ನೋಡಿದರೆ ಹೊದಿಕೆ ಸ್ಪೆಕ್ಟ್ರಮ್‌ನದು, ಒಳಗಿನ ಕ್ಯಾಸೆಟ್ ಬಿಬಿಸಿ ಮೈಕ್ರೋ ಎಂಬ ಬೇರೆಯೇ ಕಂಪ್ಯೂಟರಿನದು. ಹೌದು, ಅಟಿಕ್ ಅಟ್ಯಾಕ್ ಬಿಬಿಸಿಗೂ ಬಂದಿತ್ತು, ಅದೂ ಒಳ್ಳೆಯ ಆಟವೇ. ಆದರೆ ನಾನು ಕೇಳಿದ್ದು ಅದಲ್ಲ. ಯಾವ ಯಂತ್ರದಲ್ಲಿ ಪರೀಕ್ಷಿಸಿದಿರಿ ಎಂದು ಕೇಳಿದೆ. ಟೇಪ್‌ರೆಕಾರ್ಡರ್‌ನಲ್ಲಿ ಹಾಕಿ ಕೇಳಿದೆ, ಕೀರಲು ಶಬ್ದ ಬಂತು ಎಂದು ಉತ್ತರಿಸಿದ. ಪ್ರಾಮಾಣಿಕ ಮನುಷ್ಯ. ಬದಲಿ ಪ್ರತಿ ಕಳಿಸುತ್ತೇನೆ ಎಂದ. ಕಾಯುತ್ತ ಕುಳಿತೆ.

ಕಾಯುವಾಗ ಕೈ ಸುಮ್ಮನಿರುವುದಿಲ್ಲ, ಹಾಗಾಗಿ ಮುಂದಿನ ಯೋಜನೆಗೆ ಅಡಿಪಾಯ ಬಿತ್ತು. ಜೆಟ್‌ಪ್ಯಾಕ್, ಪಿಸ್ಟ್, ಟ್ರಾನ್ಸ್ ಆ್ಯಮ್, ಕುಕಿ ಈ ನಾಲ್ಕನ್ನು ಸ್ಪೆಕ್ಟ್ರಮ್ ತಯಾರಿಸಿದ ಸಿಂಕ್ಲೇರ್ ಕಂಪನಿ 1983ರಲ್ಲಿ ಇಂಟರ್‌ಫೇಸ್ 2ಕ್ಕೆ (ಕಾರ್ಟ್ರಿಜ್ ಸಿಕ್ಕಿಸುವ ಜೋಡಣೆ) ರಾಮ್ (ROM, ಓದಲು ಮಾತ್ರ ಬರುವ ಸ್ಮೃತಿ) ಕಾರ್ಟ್ರಿಜ್ ಆಗಿಯೂ ಮಾರಿತ್ತು. ಬೆಲೆ 14.95 ಪೌಂಡ್. ಕ್ಯಾಸೆಟ್‌ನ ದರಕ್ಕೆ ಹೋಲಿಸಿದರೆ ಹಗಲುದರೋಡೆ. ಅಂಥ ಕಾರ್ಟ್ರಿಜ್‌ಗಳು ಒಟ್ಟು ಹತ್ತು ಬಂದು ಅಲ್ಲಿಗೇ ನಿಂತವು. ಅಸಲಿ ಕಾರ್ಟ್ರಿಜ್‌ಗೆ ಈಗ ಕೇಳುವ ದುಡ್ಡು ಕೊಟ್ಟರೆ ನಾನು ಮನೆಯಿಂದ ಹೊರಗೆ. ಆದರೆ ಒಳಗಿರುವುದು 16ಕೆ ಚಿಪ್ ಒಂದೇ: ಯಂತ್ರದ ಸ್ವಂತ ರಾಮನ್ನು ಬದಿಗೆ ಸರಿಸಿ ತಾನು ಕೂರುತ್ತದೆ. 27ಸಿ128 ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಚಿಪ್) ಒಂದು, ಸಣ್ಣ ಬೋರ್ಡ್ ಒಂದು ಸಾಕು. ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಅಂಗಡಿಯಾತ, “ಸರ್, ಇದನ್ನು ಈಗ ಯಾರು ಕೇಳುತ್ತಾರೆ?” ಎಂದು ನನ್ನನ್ನೇ ಕೇಳಿದ. ಕೊನೆಗೆ ಕೊಟ್ಟ ಚಿಪ್‌ಗಳ ಮೇಲಿನ ಅಚ್ಚು ಬೆರಳಿಗೆ ಅಂಟಿಕೊಂಡಿತು. ಕೆಳಗೆ ಬೇರೆಯೇ ನಂಬರ್ ಇತ್ತು. ಆ ಜಗಳವನ್ನು ಮುಂದಿನ ಬರಹಕ್ಕೆ ಇಟ್ಟುಕೊಂಡಿದ್ದೇನೆ.

ಈಗ ಚುಕ್ಕಿಗಳಿಗೆ ಮರಳೋಣ. ಅಷ್ಟು ದಿನ ನಾವು 288 ಬೈಟ್‌ಗಳನ್ನು ಪರದೆಯ ಮೇಲಿನ ಅಂತರವಾಗಿಯೇ ನೋಡುತ್ತಿದ್ದೆವು. ಟೇಪಿನ ಮೇಲೆ ಅದು ಎಷ್ಟು ದೂರ ಎಂದು ಇಬ್ಬರೂ ಲೆಕ್ಕ ಹಾಕಿರಲಿಲ್ಲ. ಸೊನ್ನೆಯ ಬಿಟ್‌ಗೆ 1710 ಟಿ-ಸ್ಟೇಟ್ (ಪ್ರೊಸೆಸರ್ ಗಡಿಯಾರದ ಮಿಡಿತ), ಒಂದಕ್ಕೆ 3420, 3.5 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಮತ್ತು ಒಂದು ಮಿಲಿಸೆಕೆಂಡ್. ಚಿತ್ರದಲ್ಲಿ ಖಾಲಿ ಜಾಗ ಹೆಚ್ಚು, ಸೊನ್ನೆಗಳು ಹೆಚ್ಚು, ಸರಾಸರಿ ನಂಬುವಂತಿಲ್ಲ. ಆದ್ದರಿಂದ ಧ್ವನಿಯ ಅಲೆಯನ್ನೇ ತೆರೆದು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಅಳೆದೆ. 1.47 ಸೆಕೆಂಡ್. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಗುಣಿಸಿದರೆ ಏಳು ಸೆಂಟಿಮೀಟರ್. ಏಳು ಸೆಂಟಿಮೀಟರ್ ಸುತ್ತಳತೆಯ ವೃತ್ತದ ವ್ಯಾಸ 22 ಮಿಲಿಮೀಟರ್‌ಗೆ ಚೂರು ಹೆಚ್ಚು. ಹಾಳಾದ ಕ್ಯಾಸೆಟ್ ಒಂದನ್ನು ಬಿಚ್ಚಿ, ಟೇಪ್ ಸುತ್ತಿಕೊಳ್ಳುವ ಬಿಳಿ ಗಾಲಿಗೆ ವರ್ನಿಯರ್ ಹಿಡಿದೆ. ಇಪ್ಪತ್ತೆರಡು.

ಆಮೇಲೆ ಎಲ್ಲವೂ ಬಿಚ್ಚಿಕೊಂಡಿತು. ಆ ಗಾಲಿಯಲ್ಲಿ ಟೇಪಿನ ತುದಿಯನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ತುಣುಕು ಒಂದಿರುತ್ತದೆ. ಅದು ಕೂದಲೆಳೆಯಷ್ಟು ಎದ್ದು ನಿಂತರೂ ಸಾಕು, ಮೇಲೆ ಸುತ್ತಿದ ಪದರಗಳೆಲ್ಲ ಹಾಸಿಗೆಯ ಕೆಳಗೆ ಸಿಕ್ಕ ಹುಣಸೆಬೀಜದ ಮೇಲೆ ಮಲಗಿದ ಹಾಗೆ. ಈ ಪ್ರತಿ ನನ್ನ ಕೈಗೆ ಬಂದಾಗ ಟೇಪ್ ಪೂರ್ತಿ ಬಲಗಾಲಿಯಲ್ಲಿತ್ತು. ಬಂದ ದಿನದ ಫೋಟೋದಲ್ಲಿಯೂ ಹಾಗೆಯೇ ಇದೆ. ಹಳೆಯ ಮಾಲೀಕ ಆಟ ಲೋಡ್ ಮಾಡಿ, ಹಿಂದಕ್ಕೆ ಸುತ್ತದೆ ಪೆಟ್ಟಿಗೆಗೆ ಹಾಕಿದ್ದಾನೆ. ಟೇಪಿನ ಆರಂಭದ ಭಾಗ, ಅಂದರೆ ಲೋಡಿಂಗ್ ಚಿತ್ರವಿರುವ ಭಾಗ, ಆ ತುಣುಕಿನ ನೇರ ಮೇಲೆ ದಶಕಗಟ್ಟಲೆ ಒತ್ತಿಕೊಂಡು ಕೂತಿದೆ. ಸುತ್ತಿಗೊಂದು ತಗ್ಗು.

ಹಾಗಾದರೆ ಸುತ್ತಿಗೊಂದು ತಪ್ಪು ಬರಬೇಕಿತ್ತಲ್ಲ, ಎರಡೇ ಏಕೆ? ಇದಕ್ಕೆ ಉತ್ತರ ಸ್ಪೆಕ್ಟ್ರಮ್‌ನ ರಾಮ್‌ನಲ್ಲಿದೆ. ಹೆಕ್ಸ್ 0556 ವಿಳಾಸದಿಂದ ಶುರುವಾಗುವ, ಟೇಪ್ ಓದುವ ಲೋಡರ್ ಪ್ರತಿ ಬಿಟ್‌ಗೆ ಅಲೆಯ ಎರಡು ಅಂಚುಗಳನ್ನು ಕಾಯುತ್ತದೆ. ಎರಡರ ಒಟ್ಟು ಸಮಯ ಸುಮಾರು 2400 ಟಿ-ಸ್ಟೇಟ್ ದಾಟಿದರೆ ಒಂದು, ದಾಟದಿದ್ದರೆ ಸೊನ್ನೆ. ನನ್ನ ಓದುವ ತಂತ್ರಾಂಶವೂ ಅದೇ ನಿಯಮ ಪಾಲಿಸುತ್ತದೆ. ತಗ್ಗಿನ ಜಾಗದಲ್ಲಿ ಟೇಪ್ ಹೆಡ್‌ನಿಂದ ಒಂದಿಷ್ಟು ದೂರ ಸರಿಯುತ್ತದೆ, ಅಲೆ ಕುಗ್ಗುತ್ತದೆ, ಸೊನ್ನೆಗೆರೆಯನ್ನು ದಾಟುವುದು ತಡವಾಗುತ್ತದೆ. ಅಲ್ಲಿ ಇದ್ದದ್ದು ಒಂದರ ಬಿಟ್ ಆಗಿದ್ದರೆ ಹಿಗ್ಗಿದರೂ ಅದು ಒಂದೇ, ಯಾರಿಗೂ ತಿಳಿಯುವುದಿಲ್ಲ. ಸೊನ್ನೆಯಾಗಿದ್ದು, ತಗ್ಗು ಆಳವಾಗಿದ್ದರೆ ಮಾತ್ರ ಗಡಿ ದಾಟಿ ಒಂದಾಗುತ್ತದೆ. ಅದರ ಮುಂದಿನ ಸೊನ್ನೆ ಅಷ್ಟೇ ಗಿಡ್ಡವಾಗುತ್ತದೆ. ಗಿಡ್ಡ ಸೊನ್ನೆಯೂ ಸೊನ್ನೆಯೇ. ಲೋಡರ್ ಎಡವದೆ ಮುಂದೆ ಹೋಗುತ್ತದೆ. ಬಿಟ್ ಒಂದು ಕಳೆದುಹೋಗಿದ್ದರೆ ಇಡೀ ಬ್ಲಾಕ್ ಜಾರಿ, ‘ಆರ್ ಟೇಪ್ ಲೋಡಿಂಗ್ ಎರರ್’ ಬಂದು, ನಾನು ಆ ಕ್ಯಾಸೆಟ್ಟನ್ನು ಕೆಟ್ಟದ್ದೆಂದು ಪಕ್ಕಕ್ಕಿಟ್ಟು ನೆಮ್ಮದಿಯಾಗಿರುತ್ತಿದ್ದೆ.

ಅಲೆಯನ್ನು ಮತ್ತೆ ತೆರೆದು ಬರೀ ಎತ್ತರವನ್ನು ಗೆರೆಯಾಗಿ ಬಿಡಿಸಿದೆ. ಸಾಲಾಗಿ ತಗ್ಗುಗಳು. ಆರಂಭದಲ್ಲಿ ಆಳ, ಮುಂದೆ ಹೋದಂತೆ ಹಗುರ. ನಡುವಿನ ಅಂತರವೂ ಒಂದೇ ಇಲ್ಲ: ಸುತ್ತು ದಪ್ಪವಾದಂತೆ ಕೂದಲಿನಷ್ಟು ಬೆಳೆಯುತ್ತ ಹೋಗುತ್ತದೆ. ಯಾವ ಚಿತ್ರಕಾರನೂ ಗುಟ್ಟಿನ ಗುರುತನ್ನು ಕ್ಯಾಸೆಟ್ ಗಾಲಿಯ ಸುತ್ತಳತೆ ನೋಡಿ ಇಡುವುದಿಲ್ಲ. ಕೆಳಗಿನ ಕಂಪನಾಂಕಗಳನ್ನು ಶೋಧಿಸಿ ತೆಗೆದು, ಅದೇ ಧ್ವನಿಯನ್ನು ಮತ್ತೊಮ್ಮೆ ಓದಿಸಿದೆ. ಎರಡೂ ಚುಕ್ಕಿ ಮಾಯ, ಮೊದಲ ಪ್ರತಿಯೊಂದಿಗೆ ಬೈಟ್‌ಗೆ ಬೈಟ್ ತಾಳೆ. ಬದಲಿ ಕ್ಯಾಸೆಟ್ ಇದಾದ ಮೇಲೆ ಬಂತು, ಈ ಸಲ ಸ್ಪೆಕ್ಟ್ರಮ್‌ನದೇ. ಅದೂ ತಾಳೆ.

ಗೆಳೆಯನಿಗೆ ಗೆರೆಚಿತ್ರ ಕಳಿಸಿದೆ. “ಸರಿ, ಆದರೆ ಮೈರ್ ಮೇರ್?” ಎಂದ. ಅಲ್ಟಿಮೇಟ್‌ನ ಇನ್ನೊಂದು ಆಟವಾದ ಅಂಡರ್‌ವರ್ಲ್ಡ್‌ನ ಮೂರು ಹೊರದಾರಿಗಳಲ್ಲಿ ಒಂದು ಮುಂದಿನ ಆಟವೆಂದು ಹೆಸರಿಸುವ, ಕೊನೆಗೂ ಬಾರದೇ ಹೋದ ಆ ಆಟ ಎಲ್ಲೋ ಒಂದು ಕ್ಯಾಸೆಟ್‌ನಲ್ಲಿ ಅಡಗಿದೆ ಎಂಬುದು ಅವನ ಹಳೆಯ ನಂಬಿಕೆ. ಅದಕ್ಕೆ ನನ್ನ ಪಟ್ಟಿಯಲ್ಲಿ ಸಾಲು ಇಲ್ಲ.

ಇನ್ನು ಮುಂದೆ ಎರಡು ನಿಯಮ. ಬಂದ ಕ್ಯಾಸೆಟ್‌ನಲ್ಲಿ ಟೇಪ್ ಯಾವ ಗಾಲಿಯಲ್ಲಿತ್ತು ಎಂದು ಓದುವ ಮುನ್ನ ಬರೆದಿಡುವುದು. ಎರಡು ಪ್ರತಿಗಳ ನಡುವೆ ವ್ಯತ್ಯಾಸ ಕಂಡರೆ ಅಂತರವನ್ನು ಮೊದಲು ಸೆಂಟಿಮೀಟರ್‌ಗೆ ತಿರುಗಿಸಿ, ಗಾಲಿಯ ಸುತ್ತಳತೆಗೆ ಹೋಲಿಸುವುದು. ಅದಕ್ಕೆಂದು ಬರೆದ ಪುಟ್ಟ ಪ್ರೋಗ್ರಾಮ್ ಮುಗಿದ ಏಳೂ ಆಟಗಳ ಮೇಲೆ ಓಡಿತು, ಬೇರೆಲ್ಲೂ ಅನುಮಾನವಿಲ್ಲ.

ಮುಂದಿನದು ಅಂಡರ್‌ವರ್ಲ್ಡ್. ನನ್ನ ಬಳಿ ಇರುವ ಪ್ರತಿಗಳಲ್ಲಿ ಒಂದರ ಒಳಗೆ ಹೆಡ್‌ಗೆ ಟೇಪನ್ನು ಒತ್ತುವ ಸ್ಪಂಜಿನ ತುಂಡು ಉದುರಿಹೋಗಿದೆ, ಕವಚ ಅಂಟಿಸಿದ ಬಗೆಯದು, ತಿರುಪು ಇಲ್ಲ. ಬ್ಲೇಡ್ ಹಾಕಿ ಬಿಡಿಸಿ, ಟೇಪನ್ನು ಬೇರೆ ಕವಚಕ್ಕೆ ಸಾಗಿಸಬೇಕು. ಐದು ತಿರುಪಿನ ಖಾಲಿ ಕವಚಗಳು ಯಾರ ಬಳಿಯಾದರೂ ಇದ್ದರೆ ತಿಳಿಸಿ. ಅಂಚೆ ಖರ್ಚು ನನ್ನದು, ಬದಲಿಗೆ ಹೊದಿಕೆಯಿಲ್ಲದ ಬಿಬಿಸಿ ಅಟಿಕ್ ಅಟ್ಯಾಕ್ ಒಂದು ಕೊಡುತ್ತೇನೆ. ಪರೀಕ್ಷಿಸಲಾಗಿದೆ, ಕೀರಲು ಶಬ್ದ ಚೆನ್ನಾಗಿ ಬರುತ್ತದೆ.