ಭಾನುವಾರ ಪುಲಿಯಾದಲ್ಲಿ ಸಿಕ್ಕಿಕೊಳ್ಳಬೇಡಿ

ಬೂಟಿನಾಕಾರದ ಇಟಲಿಯ ಹಿಮ್ಮಡಿಯೇ ಪುಲಿಯಾ. ಅಲ್ಲಿನ ಹಳ್ಳಿಗಳನ್ನು ಕಾರಿಲ್ಲದೆ ಸುತ್ತುವ ಆಲೋಚನೆ ಇದ್ದರೆ, ಊರು ಬದಲಿಸುವ ಕೆಲಸವನ್ನು ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ನಾವು ಇಟ್ಟುಕೊಂಡೆವು. ಲೊಕೊರೊಟೊಂಡೊ ನಿಲ್ದಾಣದ ಬೆಂಚಿನ ಮೇಲೆ ಒಂದು ಗಂಟೆ ಕುಳಿತ ಮೇಲೆ, ಆ ದಿನ ರೈಲೇ ಇಲ್ಲವೆಂದು ತಿಳಿಯಿತು. ಬದಲಿ ಬಸ್ಸಿನ ಸಮಯ ಗೋಡೆಯ ಮೇಲಿತ್ತು, ಅದು ಎಲ್ಲಿ ನಿಲ್ಲುತ್ತದೆಂದು ಬರೆದಿರಲಿಲ್ಲ. ಟಿಕೆಟ್ ಮಾರುವ ತಂಬಾಕಿನ ಅಂಗಡಿಗೆ ಬೀಗ. ಕೊನೆಗೆ ಬಸ್ ಬಂದು ರಸ್ತೆಯ ಆಚೆ ಬದಿಯಲ್ಲಿ ಅರೆಗಳಿಗೆ ನಿಂತಿತು. ಈಚೆ ಬದಿಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ಕೈ ಬೀಸುತ್ತಿದ್ದ ನಮ್ಮನ್ನು ಚಾಲಕ ನೋಡಿದ, ತಲೆಯಾಡಿಸಿದ, ಹೊರಟೇಬಿಟ್ಟ. ಕಾಫಿ ಅಂಗಡಿಯವರು ಫೋನ್ ಮಾಡಿ ಯಾರದೋ ಕಾರು ತರಿಸಿದರು. ಅಲ್ಬೆರೊಬೆಲ್ಲೊಗೆ ಒಂಬತ್ತು ಕಿಲೋಮೀಟರ್, ನಲವತ್ತೈದು ಯೂರೊ.

ಅಲ್ಬೆರೊಬೆಲ್ಲೊದ ಶಂಕುವಿನಾಕಾರದ ಕಲ್ಲಿನ ಸೂರುಗಳ ‘ತ್ರುಲ್ಲಿ’ ಮನೆಗಳು 1996ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗಾರೆ ಹಾಕದೆ ಕಲ್ಲು ಪೇರಿಸಿ ಕಟ್ಟಿದವು. ತೆರಿಗೆ ಅಧಿಕಾರಿಗಳು ಬಂದರೆಂದರೆ ಬೇಗ ಕೆಡವಿಬಿಡಲು ಹೀಗೆ ಕಟ್ಟುತ್ತಿದ್ದರು ಎಂಬ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ಇಷ್ಟವಾಯಿತು. ಆದರೆ ಅಂಥ ಮನೆಯಲ್ಲಿ ಒಂದು ರಾತ್ರಿ ಮಲಗಲು ನೂರನಲವತ್ತು ಯೂರೊ ಕೊಟ್ಟದ್ದು ಇಷ್ಟವಾಗಲಿಲ್ಲ. ಅಂಗೈಯಗಲದ ಕಿಟಕಿ, ತೇವದ ವಾಸನೆ. ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುತ್ತಿದ್ದ ಅಪರಿಚಿತ ಕುಟುಂಬ. ಜನಜಂಗುಳಿ ನನಗೆ ಮೊದಲೇ ಆಗದು. ಮೊಂತಿ ಬಡಾವಣೆಯಲ್ಲಿ ಅರ್ಧಕ್ಕರ್ಧ ಮನೆಗಳು ಸ್ಮರಣಿಕೆ ಅಂಗಡಿಗಳೇ. ಎದುರು ದಿಬ್ಬದ ಆಯಾ ಪಿಕ್ಕೊಲಾದಲ್ಲಿ ಇಂದಿಗೂ ಬಟ್ಟೆ ಒಣಹಾಕುತ್ತಾರೆ. ಅಲ್ಲಿಗೆ ಬೆಳಿಗ್ಗೆ ಎಂಟಕ್ಕೆ ಹೋಗಿ, ಹತ್ತರೊಳಗೆ ಊರು ಬಿಡಿ. ವಾಸಕ್ಕೆ ಲೊಕೊರೊಟೊಂಡೊ ಅಥವಾ ಮಾರ್ತಿನಾ ಫ್ರಾಂಕಾ ಸಾಕು.

ಮಾರ್ತಿನಾ ಫ್ರಾಂಕಾದ ಹಿಂಬದಿ ಓಣಿಯಲ್ಲಿ ಆರು ಮೇಜುಗಳ ಒಂದು ಊಟದ ಮನೆ. ಫಲಕವಿಲ್ಲ, ಮಣಿಗಳ ಪರದೆಯಷ್ಟೇ. ನಾವು ಸಸ್ಯಾಹಾರಿಗಳೆಂದು ತಿಳಿದ ಅಜ್ಜಿ ಕೇಳದೆಯೇ ‘ಫಾವೆ ಎ ಚಿಕೋರಿಯಾ’ ತಂದಿಟ್ಟರು. ಒಣ ಅಗಲ ಅವರೆಯಂಥ ಕಾಳನ್ನು ಬೆಣ್ಣೆಯಂತೆ ಬೇಯಿಸಿ ಕಡೆದು, ಪಕ್ಕದಲ್ಲಿ ಕಹಿಸೊಪ್ಪಿನ ಪಲ್ಯ, ಮೇಲೆ ಧಾರಾಳವಾಗಿ ಹಸಿ ಆಲಿವ್ ಎಣ್ಣೆ. ಒಗ್ಗರಣೆ ಇಲ್ಲ, ಖಾರ ಇಲ್ಲ. ಆದರೂ ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿಂದೆವು. ಎಂಟು ಯೂರೊ. ಮರುದಿನವೂ ಹೋದೆವು, ಅದರ ಮರುದಿನವೂ. ಕಿವಿಯಾಕಾರದ ಒರೆಕ್ಯೆತ್ತೆ ಪಾಸ್ತಾವನ್ನು ಸೊಪ್ಪಿನ ಜೊತೆ ಕೊಡುತ್ತಾರೆ, ಅದರಲ್ಲಿ ಸಣ್ಣ ಮೀನು ಕರಗಿಸಿರುವುದುಂಟು. ‘ಸೆನ್ಸಾ ಅಚ್ಚೂಗೆ’ (ಆ ಮೀನು ಇಲ್ಲದೆ) ಎಂದು ಹೇಳುವುದನ್ನು ಬಾಯಿಪಾಠ ಮಾಡಿಕೊಳ್ಳಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಹಳೆಯ ಪೇಟೆಯ ಬಾಯಲ್ಲಿ ‘ಜೆಡ್ ಟಿ ಎಲ್’ (ವಾಹನ ನಿರ್ಬಂಧಿತ ವಲಯ) ಫಲಕ ಕಂಡರೆ ಒಳನುಗ್ಗಬೇಡಿ, ಕ್ಯಾಮೆರಾ ಸಂಖ್ಯೆ ಹಿಡಿಯುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಮನೆಗೆ ಬರುತ್ತದೆ.

ಅಂದಹಾಗೆ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಎರಡು ಯೂರೊ ಕಂಡಾಗ ಅಜ್ಜಿಯೊಂದಿಗೆ ನಾನು ವಾದಕ್ಕಿಳಿದಿದ್ದೆ. ಅದು ಮೇಜು ಮತ್ತು ರೊಟ್ಟಿಯ ಬಾಬ್ತು, ಎಲ್ಲರಿಗೂ ಇರುತ್ತದೆ. ಮೂರನೆಯ ದಿನ ಹೋದಾಗ ಅವರು ನನ್ನ ಬಿಲ್ಲಿನ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಕೊಟ್ಟರು.