ಎ12 ತಂತಿಯ ಬೆನ್ನು ಹತ್ತಿದ ಒಂದು ಮಧ್ಯಾಹ್ನ

1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಫ್ಯಾಮಿಕಾಮ್ ಎಂಬ ಟಿವಿ ಗೇಮ್ ಯಂತ್ರಕ್ಕೆ ನಾನು ಬಿಡುವಿನ ವೇಳೆಯಲ್ಲಿ ಎಮ್ಯುಲೇಟರ್, ಅಂದರೆ ಅದರ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶ, ಬರೆಯುತ್ತಿದ್ದೇನೆ. ಅದರಲ್ಲಿ ಬಹುಕಾಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಸೆಟ್ಟಿನೊಳಗಿನ ಎಂಎಂಸಿ3 ಚಿಪ್. ಸೂಪರ್ ಮಾರಿಯೋ ಬ್ರದರ್ಸ್ 3ರಂಥ ಆಟಗಳಲ್ಲಿ ಮೇಲಿನ ದೃಶ್ಯ ಸರಿಯುತ್ತಿದ್ದರೂ ಕೆಳಗಿನ ಅಂಕಪಟ್ಟಿ ಅಲುಗದೆ ನಿಲ್ಲುವುದಕ್ಕೆ ಈ ಚಿಪ್ಪೇ ಕಾರಣ: ಪರದೆಯ ಮೇಲೆ ಇಂತಿಷ್ಟು ಗೆರೆಗಳು ಮೂಡಿದೊಡನೆ ಅದು ಪ್ರೊಸೆಸರಿಗೆ ಇಂಟರಪ್ಟ್ ಕಳಿಸುತ್ತದೆ, ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಕ್ರೋಲ್ (ದೃಶ್ಯ ಎಷ್ಟು ಸರಿದಿರಬೇಕೆಂಬ ಅಳತೆ) ಬದಲಿಸುತ್ತದೆ. ಗೆರೆ ಮುಗಿದಾಗಲೆಲ್ಲ ಎಣಿಕೆಯಿಂದ ಒಂದನ್ನು ಕಳೆಯುವ ಸರಳ ವಿಧಾನವನ್ನೇ ನಾನು ಮೊದಲು ಅಳವಡಿಸಿದ್ದೆ. ಆಟ ನಡೆಯುತ್ತಿತ್ತು, ಆದರೆ ಅಂಕಪಟ್ಟಿಯ ಮೇಲಂಚು ಎಡಭಾಗದಲ್ಲಿ ನಡುಗುತ್ತಿತ್ತು.

ಬೆಳಗಾವಿಯ ಖಡೇ ಬಜಾರಿನ ಬಳಿ ಟಿವಿ ರಿಪೇರಿ ಅಂಗಡಿ ನಡೆಸುವ ಕಾಕಾ ಒಬ್ಬರ ಹತ್ತಿರ ತೊಂಬತ್ತರ ದಶಕದ ನಕಲಿ ಫ್ಯಾಮಿಕಾಮ್ ಯಂತ್ರಗಳು ಇನ್ನೂ ಇವೆ. ಜಿಟಿಜಿಟಿ ಮಳೆ ಹಿಡಿದು ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ತಂತಿಗಳ ಸಂಕೇತದ ಏರಿಳಿತವನ್ನು ದಾಖಲಿಸುವ ಲಾಜಿಕ್ ಅನಲೈಜರ್ ತೆಗೆದುಕೊಂಡು ಅಲ್ಲಿಗೆ ಹೋದೆ. ಪರದೆಯ ಚಿತ್ರ ಮೂಡಿಸುವ ಚಿಪ್ಪಿನ ವಿಳಾಸದ ತಂತಿಗಳಲ್ಲೊಂದಾದ ಎ12ಕ್ಕೂ ಇಂಟರಪ್ಟ್ ಸಾಗಿಸುವ ಐಆರ್‌ಕ್ಯೂ ತಂತಿಗೂ ವೈರ್ ಹಚ್ಚಿಕೊಡಬೇಕೆಂದು ಕೇಳಿದಾಗ ಕಾಕಾ ಕನ್ನಡಕ ಸರಿಪಡಿಸಿಕೊಂಡು, "ಪಿನ್ನಿಗೆ ಹಚ್ಚೂದು ಬ್ಯಾಡ ತಮ್ಮಾ, ಕ್ಯಾಸೆಟ್ ಸ್ಲಾಟಿನ್ಯಾಗ ಕೂಡೂದಿಲ್ಲ. ಬೋರ್ಡಿನ ತೂತಿಗೆ ಹಚ್ಚೋಣು," ಎಂದರು. ಕೂದಲೆಳೆಯಂಥ ತಾಮ್ರದ ತಂತಿಗಳನ್ನು ಅವರು ಬೆಸೆದ ಅಚ್ಚುಕಟ್ಟುತನ ನನಗೆ ಎಂದೂ ಸಿದ್ಧಿಸಲಾರದು. ಆ ಬೋರ್ಡಿನಲ್ಲಿ ಚಿಪ್ಪಿನ ಹೆಸರಿರಲಿಲ್ಲ. ಕಪ್ಪು ಎಪಾಕ್ಸಿಯ ಉಂಡೆ ಮಾತ್ರ ಇತ್ತು.

ಆಟ ಶುರುವಾದ ಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ಮೂಡಿದ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆ. ಎಂಎಂಸಿ3ಗೆ ಗೆರೆ ಎಂದರೇನೆಂದು ಗೊತ್ತೇ ಇಲ್ಲ. ಚಿತ್ರದ ಚಿಪ್ ತನ್ನ ಮೆಮೊರಿಯಿಂದ ಓದುವಾಗ ವಿಳಾಸದ ಎ12 ತಂತಿಯ ವೋಲ್ಟೇಜ್ ಮೇಲೇಳುವುದನ್ನಷ್ಟೇ ಅದು ಗಮನಿಸುತ್ತದೆ. ಒಂದು ಗೆರೆಗೆ 341 ಚುಕ್ಕಿಗಳ ಕಾಲ. ಹಿನ್ನೆಲೆಯ ಚಿತ್ರಗಳು ಮೆಮೊರಿಯ ಮೊದಲ ಚಿತ್ರಕೋಷ್ಟಕದಲ್ಲಿಯೂ ಸ್ಪ್ರೈಟ್‌ಗಳು (ಅದರ ಮೇಲೆ ಚಲಿಸುವ ಚಿಕ್ಕ ಚಿತ್ರಗಳು) ಎರಡನೆಯದರಲ್ಲಿಯೂ ಇದ್ದರೆ, ಗೆರೆಯ ಬಹುಪಾಲು ಎ12 ಕೆಳಗೇ ಮಲಗಿದ್ದು, ಸ್ಪ್ರೈಟ್‌ಗಳನ್ನು ಓದುವ ಹೊತ್ತಿನಲ್ಲಿ, 260ನೇ ಚುಕ್ಕಿಯ ಸುಮಾರಿಗೆ, ಮೊದಲ ಸಲ ಏಳುತ್ತದೆ. ಅಲ್ಲಿಂದ ನಾಲ್ಕು ಚುಕ್ಕಿ ಮೇಲೆ, ನಾಲ್ಕು ಚುಕ್ಕಿ ಕೆಳಗೆ ಎಂಬಂತೆ ಒಟ್ಟು ಎಂಟು ಸಲ ಏಳುತ್ತದೆ. ಹಾಗಿದ್ದೂ ಎಣಿಕೆ ಒಂದೇ, ಏಕೆಂದರೆ ಪ್ರೊಸೆಸರಿನ ಗಡಿಯಾರ ಮೂರು ಸಲ ಇಳಿಯುವಷ್ಟು ಹೊತ್ತು ಎ12 ಕೆಳಗಿದ್ದು ಎದ್ದರೆ ಮಾತ್ರ ಚಿಪ್ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಎಂಟು ಹಲ್ಲುಗಳ ಬಾಚಣಿಗೆಯಂತೆ ಕಂಡ ಆ ಗುರುತಿನ ಮೊದಲ ಹಲ್ಲಿನ ಬೆನ್ನಿಗೇ ಐಆರ್‌ಕ್ಯೂ ಕೆಳಗಿಳಿದದ್ದು ಸ್ಪಷ್ಟವಾಗಿ ಕಂಡಿತು.

ನಡುಕದ ಕಾರಣವೂ ಅಲ್ಲಿಯೇ ಇತ್ತು. 260ರಿಂದ ಗೆರೆಯ ಕೊನೆಗೆ 81 ಚುಕ್ಕಿಗಳು, ಅಂದರೆ ಪ್ರೊಸೆಸರಿನ ಗಡಿಯಾರದ 27 ಬಡಿತಗಳು, ಸೈಕಲ್‌ಗಳು. ನಡೆಯುತ್ತಿರುವ ಆದೇಶ ಮುಗಿಯಬೇಕು, ಇಂಟರಪ್ಟಿಗೆ ಹೊರಳಲು 7 ಸೈಕಲ್ ಬೇಕು, ಆಮೇಲೆ ಸ್ಕ್ರೋಲ್ ಬದಲಾಗಬೇಕು. ಆಟ ಬರೆದವರು ಇದನ್ನೆಲ್ಲ ಈ ಕಿರಿದಾದ ಅವಧಿಯನ್ನು ನಂಬಿಯೇ ಹೊಂದಿಸಿದ್ದಾರೆ. ಗೆರೆ ಮುಗಿದ ಮೇಲೆ ಎಣಿಸಿದರೆ ಆ ಅವಧಿಯೇ ಕೈತಪ್ಪಿ, ಬದಲಾವಣೆ ಮುಂದಿನ ಗೆರೆಯ ಕಾಣುವ ಭಾಗಕ್ಕೆ ಬೀಳುತ್ತದೆ. ಆದೇಶಗಳ ಉದ್ದ ಬೇರೆಬೇರೆಯಾದ್ದರಿಂದ ಬೀಳುವ ಜಾಗವೂ ಪ್ರತಿ ಫ್ರೇಮಿಗೆ ಕದಲುತ್ತದೆ.

ಅಂದು ರಾತ್ರಿಯೇ ಟಿಳಕವಾಡಿಯ ಮನೆಯಲ್ಲಿ ಕೋಡ್ ತಿದ್ದಲು ಕುಳಿತೆ. ಗೆರೆ ಎಣಿಸುವ ಭಾಗವನ್ನು ಪೂರ್ತಿ ತೆಗೆದುಹಾಕಿ, ಚಿತ್ರದ ಚಿಪ್ ಓದುವ ಪ್ರತಿಯೊಂದು ವಿಳಾಸವನ್ನೂ ಕ್ಯಾಸೆಟ್ಟಿನ ಕೋಡಿಗೆ ದಾಟಿಸಿದೆ. ಎ12 ಯಾವಾಗ ಇಳಿಯಿತು, ಎಷ್ಟು ಹೊತ್ತು ಇಳಿದಿತ್ತು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಎಮ್ಯುಲೇಟರಿನ ವೇಗ ತುಸು ತಗ್ಗಿತು, ಆದರೆ ಅದು ಕೊಡಲೇಬೇಕಾದ ಬೆಲೆಯೆಂದು ನಾನು ದೃಢವಾಗಿ ನಂಬುತ್ತೇನೆ. ಹಿನ್ನೆಲೆ ಮತ್ತು ಸ್ಪ್ರೈಟ್‌ಗಳ ಕೋಷ್ಟಕಗಳು ಅದಲುಬದಲಾದಾಗ ಎಣಿಕೆ 324ನೇ ಚುಕ್ಕಿಗೆ ಸರಿಯುವುದು ಬೇರೆ ಯಾವ ತಿದ್ದುಪಡಿಯೂ ಇಲ್ಲದೆ ಸರಿಹೋಯಿತು. ಉಳಿದದ್ದು ಒಂದೇ: ಎಣಿಕೆಗೆ ಸೊನ್ನೆ ಕೊಟ್ಟರೆ ಎಂಎಂಸಿ3ಯ ಒಂದು ಬಗೆ ಪ್ರತಿ ಗೆರೆಗೂ ಇಂಟರಪ್ಟ್ ಕೊಡುತ್ತದೆ, ಇನ್ನೊಂದು ಬಗೆ ಒಮ್ಮೆ ಕೊಟ್ಟು ಸುಮ್ಮನಾಗುತ್ತದೆ. ಎರಡನ್ನೂ ಬರೆದು, ಆಟಕ್ಕೆ ತಕ್ಕಂತೆ ಆಯ್ದುಕೊಳ್ಳುವ ಸೆಟ್ಟಿಂಗ್ ಇಟ್ಟಿದ್ದೇನೆ.